ತಪ್ಪಿದ ಟ್ರಿಪ್ಪಿಗೆ ಲೆಕ್ಕ ಕೇಳುವುದು ಹೇಗೆ: ಮಂಗಳೂರು, ಉಡುಪಿಯ ಬಸ್ ಪ್ರಯಾಣಿಕರಿಗೆ ಮಾರ್ಗದರ್ಶಿ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದಾಗಲಿ ಉಡುಪಿಯ ಸರ್ವೀಸ್ ಬಸ್ ನಿಲ್ದಾಣದಿಂದಾಗಲಿ ಹೊರಡುವ ಪ್ರತಿ ಖಾಸಗಿ ಬಸ್ಸಿನ ಹಿಂದೆ ಒಂದು ಕಾಗದ ಇದೆ. ಯಾವ ದಾರಿಯಲ್ಲಿ ಹೋಗಬೇಕು, ದಿನಕ್ಕೆ ಎಷ್ಟು ಟ್ರಿಪ್ ಮಾಡಬೇಕು, ಯಾವ ಸ್ಟೇಜಿಗೆ ಎಷ್ಟು ಗಂಟೆಗೆ ಬರಬೇಕು ಎಂಬುದು ಅದರಲ್ಲಿದೆ. ಅದೇ ಪರ್ಮಿಟ್. ರಾತ್ರಿಯ ಲಾಸ್ಟ್ ಬಸ್ಸು ತಪ್ಪಿದ ದಿನ ನಾವು ಕಂಡಕ್ಟರನ ಹತ್ತಿರ ಜಗಳ ಮಾಡುತ್ತೇವೆ, ಟೈಮ್ ಕೀಪರನ ಹತ್ತಿರ ಕೇಳುತ್ತೇವೆ, ಕೊನೆಗೆ ಆಟೋ ಹಿಡಿದು ಮನೆಗೆ ಹೋಗುತ್ತೇವೆ. ಪರ್ಮಿಟ್ ನೋಡಲು ಹೋಗುವವರು ಕಡಿಮೆ.

"ನಮ್ಮೂರಿಗೆ ಬಸ್ಸು ಸರಿಯಾಗಿ ಬರುವುದಿಲ್ಲ" ಎಂಬ ಮನವಿಗೆ ಕಚೇರಿಯಲ್ಲಿ ಹಿಂಬರಹ ಸಿಗುತ್ತದೆ, ಅಲ್ಲಿಗೆ ಮುಗಿಯಿತು. "ಇಂಥ ನಂಬರಿನ ಬಸ್ಸು ತನ್ನ ಪರ್ಮಿಟ್‌ನಲ್ಲಿರುವ ರಾತ್ರಿ 7.40ರ ಟ್ರಿಪ್ಪನ್ನು 14 ದಿನಗಳಲ್ಲಿ 9 ದಿನ ಓಡಿಸಿಲ್ಲ, ದಿನಾಂಕಗಳು ಹೀಗಿವೆ" ಎಂದು ಬರೆದರೆ ಆ ಮನವಿ ಪರ್ಮಿಟ್ ಷರತ್ತಿನ ಉಲ್ಲಂಘನೆಯ ದೂರಾಗುತ್ತದೆ. ಅದಕ್ಕೆ ಮಾಲಕರಿಂದ ವಿವರಣೆ ಕೇಳದೆ ಕಚೇರಿಗೆ ಬೇರೆ ದಾರಿ ಉಳಿಯುವುದಿಲ್ಲ. ಮೊದಲನೆಯ ಮನವಿಯನ್ನು ಎರಡನೆಯದಾಗಿ ಮಾಡುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಯಾವ ಕಚೇರಿ, ಯಾರ ಅಧಿಕಾರ

ಬಸ್ಸಿನ ಪರ್ಮಿಟ್ ಕೊಡುವುದು, ಅದರ ಷರತ್ತು ಬದಲಿಸುವುದು, ಅಮಾನತು ಮಾಡುವುದು ಎಲ್ಲವೂ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೆಲಸ. ಜನ ಇದನ್ನು ಆರ್‌ಟಿಎ ಎನ್ನುತ್ತಾರೆ. ಇದರ ಅಧ್ಯಕ್ಷರು ಜಿಲ್ಲಾಧಿಕಾರಿ, ಕಾರ್ಯದರ್ಶಿ ಆರ್‌ಟಿಒ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದದ್ದರಿಂದ ದಕ್ಷಿಣ ಕನ್ನಡಕ್ಕೊಂದು, ಉಡುಪಿಗೊಂದು ಪ್ರಾಧಿಕಾರ ಇದೆ.

ಹೆಚ್ಚಿನ ಮನವಿಗಳು ದಾರಿ ತಪ್ಪುವುದು ಇಲ್ಲೇ. ಬಸ್ಸಿನ ನಂಬರ್ ಕೆಎ 19 ಎಂದಿದ್ದರೆ ಅದು ಮಂಗಳೂರಿನಲ್ಲಿ ನೋಂದಣಿಯಾಗಿದೆ ಎಂದಷ್ಟೇ ಅರ್ಥ. ಪರ್ಮಿಟ್ ಎಲ್ಲಿಯದು ಎಂಬುದನ್ನು ನಂಬರ್ ಹೇಳುವುದಿಲ್ಲ. ಒಂದು ದಾರಿ ಎರಡು ಜಿಲ್ಲೆಗಳಲ್ಲಿ ಹಾದುಹೋದರೆ, ದಾರಿಯ ಹೆಚ್ಚಿನ ಭಾಗ ಯಾವ ಜಿಲ್ಲೆಯಲ್ಲಿದೆಯೋ ಅಲ್ಲಿನ ಪ್ರಾಧಿಕಾರಕ್ಕೆ ಮಾಲಕರು ಪರ್ಮಿಟ್ಟಿನ ಅರ್ಜಿ ಹಾಕಬೇಕು ಎಂದು ಮೋಟಾರು ವಾಹನ ಕಾಯಿದೆ 1988ರ 69ನೇ ಕಲಂ ಹೇಳುತ್ತದೆ. ಮಂಗಳೂರು–ಕುಂದಾಪುರ ಬಸ್ಸು ಹೊರಡುವುದು ಮಂಗಳೂರಿನಿಂದ. ಆದರೆ ಹೆಜಮಾಡಿಯಿಂದ ಆಚೆಗೆ ಪಡುಬಿದ್ರಿ, ಕಾಪು, ಕಟಪಾಡಿ, ಉಡುಪಿ, ಬ್ರಹ್ಮಾವರ ಎಲ್ಲ ಉಡುಪಿ ಜಿಲ್ಲೆಗೆ ಸೇರಿದ್ದು, ದಾರಿಯ ದೊಡ್ಡ ಪಾಲು ಅದೇ. ಸಂಶಯವಿದ್ದರೆ ಎರಡೂ ಕಡೆಗೆ ಒಂದೇ ದಿನ ನಿಮ್ಮ ಅರ್ಜಿ ಕಳಿಸಿ. ತಿಂಗಳುಗಟ್ಟಲೆ ಕಾದು "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ ಪಡೆಯುವ ಬದಲು ಒಂದು ಅಂಚೆ ಖರ್ಚು ಹೆಚ್ಚಾದರೂ ಆಗಲಿ.

ಕೆಎಸ್ಸಾರ್ಟಿಸಿ ಬಸ್ಸಿನ ದೂರು ಬೇರೆ ಕಡೆ ಹೋಗಬೇಕು. ಅದಕ್ಕೆ ಮಂಗಳೂರು ವಿಭಾಗದ ವಿಭಾಗೀಯ ನಿಯಂತ್ರಣಾಧಿಕಾರಿ ಇದ್ದಾರೆ. ಉಡುಪಿ, ಕುಂದಾಪುರ ಡಿಪೋಗಳೂ ಇದೇ ವಿಭಾಗಕ್ಕೆ ಸೇರುತ್ತವೆ. ಪುತ್ತೂರು ಬೇರೆ ವಿಭಾಗ.

ಪರ್ಮಿಟ್ ಪ್ರತಿ ಪಡೆಯುವುದು

ಕಾಯಿದೆಯ 72ನೇ ಕಲಂ ಪ್ರಕಾರ ಪ್ರಾಧಿಕಾರ ಪರ್ಮಿಟ್ ಜೊತೆಗೆ ಷರತ್ತು ಹಾಕಬಹುದು: ದಿನಕ್ಕೆ ಕನಿಷ್ಠ ಎಷ್ಟು ಟ್ರಿಪ್, ಗರಿಷ್ಠ ಎಷ್ಟು, ವೇಳಾಪಟ್ಟಿಯಿಂದ ಎಷ್ಟು ನಿಮಿಷ ಹಿಂದೆಮುಂದೆ ಆಗಬಹುದು, ಎಷ್ಟು ಜನ ಹತ್ತಬಹುದು, ಟಿಕೆಟಿನಲ್ಲಿ ಏನೇನು ಇರಬೇಕು. ಅನುಮೋದಿತ ವೇಳಾಪಟ್ಟಿ, ದರಪಟ್ಟಿಗಳನ್ನು ಬಸ್ಸಿನೊಳಗೆ, ನಿಲ್ದಾಣದಲ್ಲಿ ಹಾಕಬೇಕು ಎಂಬ ಷರತ್ತನ್ನೂ ಹಾಕಬಹುದು. ಮೊದಲು ಬಸ್ಸಿನೊಳಗೆ ಒಮ್ಮೆ ನೋಡಿ. ಪಟ್ಟಿ ಇದ್ದರೆ ಫೋಟೋ ತೆಗೆಯಿರಿ. ಇಲ್ಲದಿದ್ದರೆ ಬೋರ್ಡು, ಡ್ರೈವರ್ ಸೀಟಿನ ಹಿಂಭಾಗ, ಬಾಗಿಲ ಪಕ್ಕ ಎಲ್ಲ ಕಾಣುವಂತೆ ಒಂದು ಫೋಟೋ ಇರಲಿ. ಮುಂದೆ ಉಪಯೋಗವಾಗುತ್ತದೆ.

ಪರ್ಮಿಟ್ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಶುಲ್ಕ ₹10. ನಗದು ಕೊಡಬಹುದು, ಇಂಡಿಯನ್ ಪೋಸ್ಟಲ್ ಆರ್ಡರ್ ಕೂಡ ಆಗುತ್ತದೆ. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು. ಎ4 ಹಾಳೆಯೊಂದಕ್ಕೆ ₹2. ಕಚೇರಿಯ ಕಡತಗಳಲ್ಲಿ ಪರ್ಮಿಟ್ಟಿಗೆ ರಹದಾರಿ ಎಂಬ ಪದ ಇರುವುದರಿಂದ ಅರ್ಜಿಯಲ್ಲಿ ಎರಡನ್ನೂ ಬರೆಯಿರಿ. ಸ್ಟೇಜ್ ಕ್ಯಾರೇಜ್ ಎಂದರೆ ದಾರಿಯುದ್ದಕ್ಕೂ ಜನರನ್ನು ಹತ್ತಿಸಿ ಇಳಿಸಿ, ಸ್ಟೇಜಿನ ಲೆಕ್ಕದಲ್ಲಿ ದರ ಪಡೆಯುವ ಬಸ್ಸು. ಮಾದರಿ ಹೀಗಿರಲಿ:

"ವಿಷಯ: (ಊರು)ಯಿಂದ (ಊರು)ಗೆ (ನಡುವಿನ ಊರುಗಳು) ಮಾರ್ಗವಾಗಿ ಓಡುವ ಸ್ಟೇಜ್ ಕ್ಯಾರೇಜ್ ಬಸ್ಸುಗಳ ರಹದಾರಿ (ಪರ್ಮಿಟ್). ಈ ಮಾರ್ಗದಲ್ಲಿ ಇಂದು ಊರ್ಜಿತದಲ್ಲಿರುವ ಎಲ್ಲ ಸ್ಟೇಜ್ ಕ್ಯಾರೇಜ್ ರಹದಾರಿಗಳ ಪ್ರತಿ, ಷರತ್ತುಗಳ ಪುಟ ಸಹಿತ. ಪ್ರತಿ ರಹದಾರಿಗೆ ಅನುಮೋದಿಸಿದ ವೇಳಾಪಟ್ಟಿ. ಸ್ಟೇಜುಗಳ ಪಟ್ಟಿ ಮತ್ತು ದರಪಟ್ಟಿ. ರಹದಾರಿಯ ಅವಧಿ ಮುಗಿಯುವ ದಿನಾಂಕ. ಕಳೆದ 12 ತಿಂಗಳಲ್ಲಿ ವಾಹನ ಓಡಿಸುವುದಿಲ್ಲವೆಂದು ತಿಳಿಸಿದ್ದರೆ ಅಥವಾ ರಹದಾರಿ ಸರೆಂಡರ್ ಮಾಡಿದ್ದರೆ ಆ ಪತ್ರದ ಪ್ರತಿ. ಇವನ್ನು ದೃಢೀಕರಿಸಿ ಒದಗಿಸಬೇಕು."

"ಯಾಕೆ ಬಸ್ಸು ಬರುತ್ತಿಲ್ಲ?", "ಯಾವಾಗ ಕ್ರಮ ಕೈಗೊಳ್ಳುತ್ತೀರಿ?" ಎಂಬ ಪ್ರಶ್ನೆಗಳನ್ನು ಇದರಲ್ಲಿ ಸೇರಿಸಬೇಡಿ. ಮಾಹಿತಿ ಹಕ್ಕಿನಲ್ಲಿ ಸಿಗುವುದು ಕಚೇರಿಯಲ್ಲಿರುವ ದಾಖಲೆ. ಕಾರಣ ಕೇಳಿದರೆ "ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ" ಎಂದು ಇಡೀ ಅರ್ಜಿಯನ್ನೇ ಪಕ್ಕಕ್ಕಿಡಲು ಅವಕಾಶ ಕೊಟ್ಟಂತಾಗುತ್ತದೆ. ಮಾಲಕರ ಮನೆ ವಿಳಾಸ, ಫೋನ್ ನಂಬರ್ ಕೂಡ ಕೇಳಬೇಡಿ. ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಅದು ಬೇಕಾಗುವುದೂ ಇಲ್ಲ: ಬಸ್ಸಿನ ಎರಡೂ ಬದಿಯಲ್ಲಿ ಎದ್ದುಕಾಣುವ ಬಣ್ಣದಲ್ಲಿ ಮಾಲಕರ ಹೆಸರು, ವಿಳಾಸ ಬರೆದಿರಬೇಕು ಎಂದು ಮೋಟಾರು ವಾಹನ ಕಾಯಿದೆಯ 84ನೇ ಕಲಂನಲ್ಲೇ ಇದೆ.

30 ದಿನಗಳಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಅರ್ಧಂಬರ್ಧ ಬಂದರೆ, 30 ದಿನಗಳೊಳಗೆ ಮೊದಲ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಸರದಿ ಉದ್ದ ಇರುತ್ತದೆ, ಹಾಗಾಗಿ ಮೊದಲ ಅರ್ಜಿಯನ್ನೇ ಗಟ್ಟಿಯಾಗಿ ಬರೆಯುವುದು ಲಾಭ. ಪುಟಗಳು ಬಹಳ ಇದ್ದರೆ ಕಡತವನ್ನು ಕಚೇರಿಯಲ್ಲೇ ನೋಡಲು ಅವಕಾಶ ಕೇಳಬಹುದು. ಬಸ್ಸಿನ ವಿಷಯದಲ್ಲಿ ಇದೇ ಒಳ್ಳೆಯ ದಾರಿ, ಏಕೆಂದರೆ ಒಂದೇ ದಾರಿಯ ಹತ್ತಾರು ಪರ್ಮಿಟ್‌ಗಳ ವೇಳಾಪಟ್ಟಿ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ.

ಉತ್ತರ ಬಂದ ಮೇಲೆ ಮೊದಲು ನೋಡಬೇಕಾದ್ದು ಪರ್ಮಿಟ್ ಕಾಯಂ ಹೌದೋ ತಾತ್ಕಾಲಿಕವೋ ಎಂದು. ಕಾಯಂ ಪರ್ಮಿಟ್ಟಿನ ಅವಧಿ 5 ವರ್ಷ. 87ನೇ ಕಲಂನ ತಾತ್ಕಾಲಿಕ ಪರ್ಮಿಟ್ 4 ತಿಂಗಳು ಮೀರುವಂತಿಲ್ಲ. ನೀವು ಕಾಯುತ್ತಿರುವ ಬಸ್ಸು ತಾತ್ಕಾಲಿಕ ಪರ್ಮಿಟ್ಟಿನಲ್ಲಿ ಓಡಿ, ಅವಧಿ ಮುಗಿದು ನಿಂತಿದ್ದರೆ ನಿಮ್ಮದು ಉಲ್ಲಂಘನೆಯ ದೂರಾಗುವುದಿಲ್ಲ. ಹೊಸ ಪರ್ಮಿಟ್ ಬೇಕೆಂಬ ಬೇಡಿಕೆಯಾಗುತ್ತದೆ, ಅದನ್ನು ಬೇರೆ ಬರೆಯಬೇಕು. ಮಾಲಕರು ತೆರಿಗೆ ಉಳಿಸಲು ಬಸ್ಸನ್ನು ಓಡಿಸುವುದಿಲ್ಲವೆಂದು ಬರೆದುಕೊಟ್ಟಿದ್ದರೂ ಹಾಗೆಯೇ. 2020ರ ಲಾಕ್‌ಡೌನ್ ನಂತರ ಒಳಊರುಗಳ ಕೆಲವು ಟ್ರಿಪ್‌ಗಳು ಮರಳಿ ಬಾರದೆ ಹೋದದ್ದರ ಹಿಂದೆ ಇಂಥ ಕಾಗದ ಇದೆಯೇ ಎಂದು ಹುಡುಕುವುದು ಒಳ್ಳೆಯದು.

ಹದಿನಾಲ್ಕು ದಿನದ ಪುಸ್ತಕ

ಈಗ ನಿಲ್ದಾಣದ ಕೆಲಸ. ಇಡೀ ಪ್ರಯತ್ನದ ಬಲ ಇದರಲ್ಲಿದೆ, ಹಾಗಾಗಿ ಇದಕ್ಕೆ ಜನ ಹೊಂದಿಸಿಕೊಂಡ ಮೇಲೆಯೇ ಶುರುಮಾಡಿ.

ಒಂದು ದಾರಿಗೆ ಮೂರು ಜಾಗ ಆರಿಸಿ: ಹೊರಡುವ ನಿಲ್ದಾಣ, ನಡುವಿನ ಒಂದು ಜಂಕ್ಷನ್, ಕೊನೆಯ ಸ್ಟಾಪು. ಸ್ಟೇಟ್‌ಬ್ಯಾಂಕ್‌ನಿಂದ ಕಿನ್ನಿಗೋಳಿ ಕಡೆಗಾದರೆ ಸ್ಟೇಟ್‌ಬ್ಯಾಂಕ್, ನಡುವೆ ಸುರತ್ಕಲ್ ಅಥವಾ ಮೂಲ್ಕಿ, ಕೊನೆಗೆ ಕಿನ್ನಿಗೋಳಿ. ಕೊನೆಯ ಸ್ಟಾಪಿನಲ್ಲಿ ಒಬ್ಬರು ಇರಲೇಬೇಕು. ಬಸ್ಸು ಹೊರಡುವ ನಿಲ್ದಾಣದಲ್ಲಿ ಟೈಮ್ ಕೀಪರ್ ಇರುತ್ತಾನೆ, ಅಲ್ಲಿ ಲೆಕ್ಕ ಸರಿ ಇರುತ್ತದೆ. ಕಟ್ ಆಗುವುದು ಆಮೇಲೆ: ಮುಖ್ಯ ಜಂಕ್ಷನ್ನಿನಲ್ಲಿ ಜನ ಇಳಿದ ಮೇಲೆ ಒಳಗಿನ ಮೂರು ನಾಲ್ಕು ಕಿಲೋಮೀಟರ್ ಹೋಗದೆ ಅಲ್ಲೇ ತಿರುಗಿಸುವುದು. ಹೊರಟ ಜಾಗದಲ್ಲಿ ಮಾತ್ರ ನಿಂತು ಬರೆದವರ ಪುಸ್ತಕದಲ್ಲಿ ಈ ಬಸ್ಸು ಓಡಿದೆ ಎಂದೇ ಇರುತ್ತದೆ.

ಸತತ 14 ದಿನ ಬರೆಯಿರಿ, ಎರಡು ಭಾನುವಾರ ಒಳಗೊಳ್ಳುವಂತೆ. ಹಬ್ಬ, ಶಾಲೆ ರಜೆ, ಬಂದ್ ಇರುವ ವಾರ ಬೇಡ. "ಆ ವಾರ ಜನ ಇರಲಿಲ್ಲ" ಎಂಬ ಉತ್ತರಕ್ಕೆ ಜಾಗ ಕೊಡಬಾರದು. ಜುಲೈನ ಜಡಿಮಳೆಯಲ್ಲಿ ದಾರಿಗೆ ನೀರು ಬಂದ ದಿನವಿದ್ದರೆ ಅದನ್ನು ಪಕ್ಕದಲ್ಲಿ ನಮೂದಿಸಿ, ತಪ್ಪಿದ ಟ್ರಿಪ್ಪುಗಳ ಲೆಕ್ಕದಿಂದ ಬಿಡಿ. ಇಡೀ ದಿನ ನಿಲ್ಲುವ ಅಗತ್ಯವಿಲ್ಲ. ಬೆಳಗ್ಗೆ 6.30ರಿಂದ 9.30, ಸಂಜೆ 6ರಿಂದ ಕೊನೆಯ ಟ್ರಿಪ್ಪಿನ ಸಮಯ ದಾಟಿ 30 ನಿಮಿಷದವರೆಗೆ ಸಾಕು. ಮೂರು ಜಾಗಕ್ಕೆ ಎರಡು ಪಾಳಿ ಎಂದರೆ ದಿನಕ್ಕೆ 6 ಮಂದಿ. ಬದಲಿಗೆ ಇನ್ನು ನಾಲ್ಕು ಮಂದಿ ಸೇರಿ 10 ಜನರ ಗುಂಪಾದರೆ ಯಾರಿಗೂ ಭಾರವಾಗುವುದಿಲ್ಲ. ನಿಲ್ದಾಣದ ಪಕ್ಕದ ಅಂಗಡಿಯವರು, ದಿನಾ ಅದೇ ಬಸ್ಸಿಗೆ ಹೋಗುವ ಕಾಲೇಜು ಮಕ್ಕಳು ಇದಕ್ಕೆ ಬಹಳ ಒಳ್ಳೆಯವರು.

ಉದ್ದ ಪುಸ್ತಕದಲ್ಲಿ ಒಂದು ಸಾಲಿಗೆ ಒಂದು ಟ್ರಿಪ್. ಮೊದಲ ಕಾಲಂನಲ್ಲಿ ಪರ್ಮಿಟ್‌ನ ಸಮಯವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಇದು ಮುಖ್ಯ. ಬಂದ ಬಸ್ಸುಗಳನ್ನು ಮಾತ್ರ ಬರೆಯುತ್ತ ಹೋದರೆ ಬಾರದ ಬಸ್ಸು ಪುಸ್ತಕಕ್ಕೆ ಬೀಳುವುದೇ ಇಲ್ಲ. ಮುಂದಿನ ಕಾಲಂಗಳಲ್ಲಿ ಬಂದ ಸಮಯ, ಬಸ್ಸಿನ ಪೂರ್ತಿ ನೋಂದಣಿ ಸಂಖ್ಯೆ, ಬೋರ್ಡಿನಲ್ಲಿ ಬರೆದ ದಾರಿ, ನಿಂತವರ ಅಂದಾಜು ಸಂಖ್ಯೆ, ಬಾಗಿಲು ಹಾಕಿತ್ತೇ, ನಿಲ್ಲಿಸದೆ ಹೋಯಿತೇ, ಬರೆದವರ ಸಹಿ. ಬಸ್ಸಿನ ಹೆಸರು ಮಾತ್ರ ಬರೆದರೆ ಸಾಲದು, ಒಂದೇ ಹೆಸರಿನಲ್ಲಿ ಹಲವು ಬಸ್ಸುಗಳು ಇರುತ್ತವೆ. ಸಮಯವನ್ನು ಮೊಬೈಲ್ ನೋಡಿ ಬರೆಯಿರಿ, ಕೈಗಡಿಯಾರ ಬೇಡ. ಷರತ್ತಿನಲ್ಲಿ ವ್ಯತ್ಯಾಸಕ್ಕೆ ಬೇರೆ ಮಿತಿ ಇಲ್ಲದಿದ್ದರೆ 10 ನಿಮಿಷದವರೆಗಿನ ತಡವನ್ನು ತಪ್ಪೆಂದು ಲೆಕ್ಕಿಸಬೇಡಿ. ನಂತೂರು, ಪಂಪ್‌ವೆಲ್, ಕೊಟ್ಟಾರಚೌಕಿಯ ಟ್ರಾಫಿಕ್ ನೋಡಿದವರಿಗೆ ಇದು ಗೊತ್ತು. ಸಣ್ಣ ತಡಗಳನ್ನೆಲ್ಲ ಹಿಡಿದು ತಂದರೆ ದೊಡ್ಡ ತಪ್ಪಿನ ತೂಕ ಇಳಿಯುತ್ತದೆ.

ಪುಸ್ತಕಕ್ಕೆ ಬೆಂಬಲವಾಗಿ ಟಿಕೆಟ್ ಇಡಿ. ಮೆಷಿನ್ ಟಿಕೆಟಿನಲ್ಲಿ ದಿನಾಂಕ, ಸಮಯ ಮುದ್ರಣವಾಗಿರುತ್ತದೆ. ಆ ಕಾಗದದ ಅಚ್ಚು ಕೆಲವು ವಾರಗಳಲ್ಲಿ ಮಾಸುತ್ತದೆ, ಅದೇ ದಿನ ಫೋಟೋ ತೆಗೆದುಕೊಳ್ಳಿ. ದುಡ್ಡು ತೆಗೆದುಕೊಂಡು ಟಿಕೆಟ್ ಕೊಡದಿದ್ದರೆ ಕೇಳಿ ಪಡೆಯಿರಿ. ಟಿಕೆಟ್ ಕೊಡದ ಕಂಡಕ್ಟರನಿಗೆ 178ನೇ ಕಲಂನಡಿ ದಂಡ ಇದೆ, ಅಪಘಾತವಾದ ದಿನ ನೀವು ಆ ಬಸ್ಸಿನಲ್ಲಿದ್ದಿರಿ ಎನ್ನುವುದಕ್ಕೂ ಅದೇ ಚೀಟಿ ಆಧಾರ. ಕೆಲವು ಬಸ್ಸುಗಳ ಓಡಾಟ ಚಲೋ ಆ್ಯಪ್‌ನಲ್ಲಿ ಕಾಣುತ್ತದೆ. ಬಸ್ಸು ಅರ್ಧದಲ್ಲಿ ತಿರುಗಿದ ಸ್ಕ್ರೀನ್‌ಶಾಟ್ ಸಿಕ್ಕಿದರೆ ಇಟ್ಟುಕೊಳ್ಳಿ. ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಫಿಟ್‌ನೆಸ್, ವಿಮೆ, ಹೊಗೆ ತಪಾಸಣೆಯ ಅವಧಿ ತಿಳಿಯುತ್ತದೆ. 8 ವರ್ಷ ದಾಟಿದ ಬಸ್ಸಿಗೆ ಪ್ರತಿ ವರ್ಷ ಫಿಟ್‌ನೆಸ್ ನವೀಕರಿಸಬೇಕು. ಅವಧಿ ಮುಗಿದದ್ದು ಕಂಡರೆ ಅದನ್ನು ಟ್ರಿಪ್ಪಿನ ದೂರಿಗೆ ಸೇರಿಸದೆ ಆರ್‌ಟಿಒಗೆ ಅಂದೇ ಬೇರೆಯಾಗಿ ತಿಳಿಸಿ.

ಫೋಟೋ ತೆಗೆಯುವಾಗ ಬಸ್ಸಿನ ನಂಬರ್, ಬೋರ್ಡು, ಬಾಗಿಲು ಬಂದರೆ ಸಾಕು. ಪ್ರಯಾಣಿಕರ, ಅದರಲ್ಲೂ ಹೆಂಗಸರು ಮಕ್ಕಳ ಮುಖ ಬೇಡ. ಕಂಡಕ್ಟರ್ ಡ್ರೈವರ್‌ಗಳ ವೀಡಿಯೊ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹಂಚುವುದೂ ಬೇಡ. ಟ್ರಿಪ್ ಕಟ್ ಮಾಡುವ ತೀರ್ಮಾನ ಸಾಮಾನ್ಯವಾಗಿ ಅವರದ್ದಲ್ಲ.

ಟ್ರಿಪ್ ಯಾಕೆ ತಪ್ಪುತ್ತದೆ

ಇದನ್ನು ತಿಳಿಯದೆ ಹೋದರೆ ಸಭೆಯಲ್ಲಿ ಮಾಲಕರ ಮಾತಿಗೆ ಉತ್ತರ ಇರುವುದಿಲ್ಲ. ಖಾಸಗಿ ಬಸ್ಸಿನ ಆದಾಯವೆಲ್ಲ ಆ ದಿನದ ಕಲೆಕ್ಷನ್. ಬೆಳಗ್ಗೆ 8 ಗಂಟೆಯ ಟ್ರಿಪ್ಪಿನಲ್ಲಿ ನಿಲ್ಲಲು ಜಾಗ ಇರುವುದಿಲ್ಲ, ರಾತ್ರಿ 8ರ ಟ್ರಿಪ್ಪಿನಲ್ಲಿ ಹೋಗುವಾಗ ಇಪ್ಪತ್ತು ಜನ, ಬರುವಾಗ ಖಾಲಿ. ಡೀಸೆಲ್ ಎರಡಕ್ಕೂ ಒಂದೇ. ಮಾಲಕರ ಕಷ್ಟ ಸುಳ್ಳಲ್ಲ. ಆದರೆ ಪರ್ಮಿಟ್ ಕೊಟ್ಟದ್ದು ಬೆಳಗ್ಗಿನ ಲಾಭ, ರಾತ್ರಿಯ ನಷ್ಟ ಎರಡನ್ನೂ ಸೇರಿಸಿ. ಬೆಳಗ್ಗಿನದ್ದನ್ನು ಇಟ್ಟುಕೊಂಡು ರಾತ್ರಿಯದ್ದನ್ನು ಬಿಡುವ ಹಕ್ಕು ಅದರಲ್ಲಿಲ್ಲ. ಸಭೆಯಲ್ಲಿ ಈ ಮಾತನ್ನು ಸಿಟ್ಟಿಲ್ಲದೆ ಹೇಳಲು ಬರಬೇಕು.

ಇನ್ನೊಂದು ಕಾರಣ ಟೈಮಿಂಗ್. ಒಂದೇ ದಾರಿಯಲ್ಲಿ ಎರಡು ಮೂರು ನಿಮಿಷಕ್ಕೊಂದು ಬಸ್ಸಿಗೆ ಸಮಯ ಕೊಟ್ಟರೆ ಹಿಂದಿನ ಬಸ್ಸು ಮುಂದಿನದ್ದನ್ನು ಹಿಂದಿಕ್ಕಲು ಓಡುತ್ತದೆ, ಮುಂದಿನದ್ದು ಜನಕ್ಕಾಗಿ ಸ್ಟಾಪಿನಲ್ಲಿ ಎಳೆಯುತ್ತದೆ. ಮೂರು ಬಸ್ಸು ಒಟ್ಟಿಗೆ ಬಂದು ಆಮೇಲೆ ಮುಕ್ಕಾಲು ಗಂಟೆ ಏನೂ ಇಲ್ಲ ಎಂಬ ಸ್ಥಿತಿ ಹೀಗೆ ಹುಟ್ಟುತ್ತದೆ. ಅತಿವೇಗವೂ ಇದರಿಂದಲೇ. ಪುಸ್ತಕದಲ್ಲಿ ಇದು ತಾನಾಗಿ ಎದ್ದುಕಾಣುತ್ತದೆ. ಹಾಗೆ ಕಂಡರೆ ಚಾಲಕರ ಮೇಲೆ ದೂರು ಕೊಟ್ಟು ಫಲವಿಲ್ಲ. ವೇಳಾಪಟ್ಟಿಯನ್ನೇ ಮರುಹೊಂದಿಸಿ ಎಂದು ಕೇಳಬೇಕು. ಪರ್ಮಿಟ್ಟಿನ ಷರತ್ತನ್ನು ಕನಿಷ್ಠ ಒಂದು ತಿಂಗಳ ನೋಟಿಸ್ ಕೊಟ್ಟು ಬದಲಿಸಲು ಪ್ರಾಧಿಕಾರಕ್ಕೆ ಅಧಿಕಾರ ಇದೆ.

ಊರಿಗಾದ ನಷ್ಟ

ಟ್ರಿಪ್ ತಪ್ಪಿದ್ದರಿಂದ ಯಾರಿಗೆ ಏನಾಯಿತು ಎಂಬುದನ್ನು ಸಂಖ್ಯೆಯಲ್ಲಿ ಹೇಳಿದರೆ ಜಿಲ್ಲಾಧಿಕಾರಿಯ ಮೇಜಿನ ಮೇಲೆ ಆ ಕಾಗದ ನಿಲ್ಲುತ್ತದೆ. ಆ ದಾರಿಯ 40–50 ಮನೆ ಸಾಕು, ಆದರೆ ಕೊನೆಯ ಸ್ಟಾಪಿನಿಂದ ಒಳಗಿರುವ ಮನೆಗಳನ್ನು ಬಿಡಬೇಡಿ. ಕೇಳಬೇಕಾದ್ದು ಇಷ್ಟೇ: ಮನೆಯಲ್ಲಿ ಯಾರು ಈ ಬಸ್ಸಿಗೆ ಹೋಗುತ್ತಾರೆ, ಯಾವ ಕೆಲಸಕ್ಕೆ, ತಿಂಗಳಲ್ಲಿ ಎಷ್ಟು ಸಲ ಬಸ್ಸು ತಪ್ಪಿತು, ಆಗ ಹೇಗೆ ಬಂದರು, ಎಷ್ಟು ಖರ್ಚಾಯಿತು, ಬಸ್ಸಿಲ್ಲದ ಕಾರಣಕ್ಕೆ ಯಾರಾದರೂ ಕೆಲಸವನ್ನೋ ಕ್ಲಾಸನ್ನೋ ಬಿಟ್ಟರೇ.

ಲೆಕ್ಕ ಸರಳ. ಉದಾಹರಣೆಗೆ, 10 ಮಂದಿ ತಿಂಗಳಿಗೆ 6 ಸಲ ಬಸ್ಸು ತಪ್ಪಿ ಆಟೋದಲ್ಲಿ ಬಂದರು, ಆಟೋಗೆ ₹120, ಬಸ್ಸಾಗಿದ್ದರೆ ₹20 ಎಂದಿಟ್ಟುಕೊಳ್ಳಿ. 10×6×100, ಅಂದರೆ ತಿಂಗಳಿಗೆ ₹6,000 ಹತ್ತು ಮನೆಗಳಿಂದ ಹೋಯಿತು. ಇದರ ಜೊತೆಗೆ ರೂಪಾಯಿಗೆ ಬಾರದ್ದನ್ನೂ ಬರೆಯಿರಿ: ವೆನ್ಲಾಕ್ ಆಸ್ಪತ್ರೆಯಲ್ಲಿ ಒಳರೋಗಿಯನ್ನು ನೋಡಿಕೊಂಡು ಸಂಜೆ ಹೊರಟವರು, ರಾತ್ರಿ ಪಾಳಿಗೆ ಹೋಗುವ ದಾದಿಯರು, ಬೀಡಿ ಕೊಡಲು ಡಿಪೋಗೆ ಹೋಗುವ ಹೆಂಗಸರು, ನಸುಕಿನಲ್ಲಿ ಮಲ್ಪೆಗೋ ಮಂಗಳೂರಿನ ದಕ್ಕೆಗೋ ಹೋಗಿ ಮೀನಿನ ಬುಟ್ಟಿ ಹೊತ್ತು ಬರುವವರು. ಮೀನು ಮಾರುವವರು ಬುಟ್ಟಿಯ ಕಾರಣಕ್ಕೆ ಬಸ್ಸು ಹತ್ತಿಸಿಕೊಳ್ಳುವುದಿಲ್ಲ ಎಂದರೆ ಅದನ್ನು ಬೇರೆ ಕಾಲಂನಲ್ಲಿ ಹಾಕಿ. ಲಗೇಜಿಗೆ ಸಂಬಂಧಿಸಿದ ಷರತ್ತೂ ಪರ್ಮಿಟ್ಟಿನಲ್ಲಿ ಇರಬಹುದು, ತೆಗೆದು ನೋಡಿ. ಹೆಸರು ಬೇಡವೆಂದವರ ಹೆಸರು ಬರೆಯಬೇಡಿ; ಊರು, ಕೆಲಸ ಇದ್ದರೆ ಸಾಕು.

ದೂರು

ಒಂದು ಬಸ್ಸಿಗೆ ಒಂದು ದೂರು. ಎಂಟು ಬಸ್ಸುಗಳನ್ನು ಒಂದೇ ಪತ್ರದಲ್ಲಿ ಸೇರಿಸಿದರೆ ಎಂಟು ಮಾಲಕರಿಗೆ ನೋಟಿಸ್ ಹೋಗಿ, ಒಬ್ಬರ ವಿವರಣೆ ಬಾರದೆ ಎಲ್ಲವೂ ನಿಲ್ಲುತ್ತದೆ. ಪತ್ರ ಎರಡು ಪುಟ ಮೀರದಿರಲಿ. ಮೊದಲ ಪ್ಯಾರಾದಲ್ಲಿ ಪರ್ಮಿಟ್ ಸಂಖ್ಯೆ, ಬಸ್ಸಿನ ಸಂಖ್ಯೆ, ದಾರಿ. ಎರಡನೆಯದರಲ್ಲಿ ಪರ್ಮಿಟ್ ಹೇಳುವುದೇನು, ಆದದ್ದೇನು, ದಿನಾಂಕಗಳು. ಮೂರನೆಯದರಲ್ಲಿ ಊರಿಗಾದ ನಷ್ಟ. ಕೊನೆಯಲ್ಲಿ ಬೇಡಿಕೆ: 86ನೇ ಕಲಂನಡಿ ಮಾಲಕರಿಂದ ವಿವರಣೆ ಪಡೆದು ಕ್ರಮ ಕೈಗೊಳ್ಳಬೇಕು, ಟ್ರಿಪ್ಪನ್ನು ಪುನಃ ಆರಂಭಿಸಲು ನಿರ್ದೇಶಿಸಬೇಕು, ಆ 14 ದಿನಗಳ ಟಿಕೆಟ್ ಮೆಷಿನ್ ದಾಖಲೆಯನ್ನೂ ವಾಹನ ಸ್ಥಳ ಪತ್ತೆ ಸಾಧನದ ದತ್ತಾಂಶವನ್ನೂ ತರಿಸಿ ನೋಡಬೇಕು.

ಈ ಕೊನೆಯ ಬೇಡಿಕೆಯನ್ನು ಬಿಡಬೇಡಿ. ಸ್ಥಳ ಪತ್ತೆ ಸಾಧನ ಮತ್ತು ತುರ್ತು ಗುಂಡಿ 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಸಾರ್ವಜನಿಕ ಸೇವಾ ವಾಹನಗಳಿಗೆ ಕಡ್ಡಾಯ. "ಬಸ್ಸು ಓಡಿದೆ, ಇವರು ನೋಡಿಲ್ಲ" ಎಂದು ಮಾಲಕರು ಹೇಳಿದರೆ ಆ ಸಾಧನವೇ ಉತ್ತರ ಕೊಡುತ್ತದೆ. ರಾತ್ರಿಯ ಟ್ರಿಪ್ಪಿನಲ್ಲಿ ಒಂದೂ ಟಿಕೆಟ್ ಹೊಡೆದಿಲ್ಲ ಎಂದರೆ ಅದೂ ಉತ್ತರವೇ. ಹಳೆಯ ದತ್ತಾಂಶ ಸಿಗುವುದು ಕಷ್ಟ, ಹಾಗಾಗಿ ಪುಸ್ತಕ ಮುಗಿದ ವಾರದೊಳಗೆ ದೂರು ಕೊಡಿ.

ಮೂಲ ಪತ್ರ ಆರ್‌ಟಿಎ ಕಾರ್ಯದರ್ಶಿಗೆ, ಅಂದರೆ ಆರ್‌ಟಿಒಗೆ. ಪ್ರತಿ ಜಿಲ್ಲಾಧಿಕಾರಿಗೆ: ಮಂಗಳೂರಿನವರಿಗೆ ಪಡೀಲ್‌ನ ಪ್ರಜಾಸೌಧ, ಉಡುಪಿಯವರಿಗೆ ಮಣಿಪಾಲದ ರಜತಾದ್ರಿ. ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಸೀಲು ಹಾಕಿಸಿಕೊಳ್ಳಿ, ಅಂಚೆಯಾದರೆ ಸ್ಪೀಡ್ ಪೋಸ್ಟ್ ಮಾಡಿ. ಪುಸ್ತಕದ ಮೂಲ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಮಾತ್ರ. 1902ರ ಜನಸ್ಪಂದನ ಸಹಾಯವಾಣಿಯಲ್ಲೂ ದೂರು ದಾಖಲಿಸಿ ಸಂಖ್ಯೆ ಪಡೆಯಬಹುದು. ಅದರ ಉಪಯೋಗ ಬೆನ್ನುಹತ್ತಲು ಮಾತ್ರ, ಸಾಕ್ಷ್ಯಕ್ಕೆ ಕಾಗದವೇ ಬೇಕು.

ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಿಸಿ ಲಗತ್ತಿಸಿದರೆ ಹತ್ತು ಮಂದಿಯ ದೂರು ಊರಿನ ದೂರಾಗುತ್ತದೆ. ನಿರ್ಣಯದಲ್ಲೂ ಟ್ರಿಪ್ಪಿನ ಸಮಯ, ದಾರಿ ಸ್ಪಷ್ಟವಾಗಿರಲಿ. "ಬಸ್ ಸೌಕರ್ಯ ಒದಗಿಸಬೇಕು" ಎಂಬ ಒಂದು ಸಾಲು ಪ್ರಯೋಜನಕ್ಕಿಲ್ಲ. ಶಾಸಕರು ನಡೆಸುವ ತಾಲೂಕು ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಗೆ ಮೊದಲು ಆ ನಿರ್ಣಯದ ಪ್ರತಿ ಅವರ ಕೈಯಲ್ಲಿರಬೇಕು.

ವೈಯಕ್ತಿಕವಾಗಿ ಹಣದ ನಷ್ಟವಾದವರಿಗೆ ಇನ್ನೊಂದು ಬಾಗಿಲು ಇದೆ, ಅದನ್ನು ಬಳಸುವವರು ಕಡಿಮೆ. ರಸ್ತೆ ಮೂಲಕ ಪ್ರಯಾಣಿಕರ ಸಾಗಣೆ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1987ರ ಪ್ರಕಾರ ಸಾರ್ವಜನಿಕ ಉಪಯುಕ್ತತೆಯ ಸೇವೆ. ಅದರ ವಿವಾದವನ್ನು ಕೋರ್ಟಿಗೆ ಹೋಗುವ ಮೊದಲು ಮಂಗಳೂರಿನ ಖಾಯಂ ಜನತಾ ನ್ಯಾಯಾಲಯಕ್ಕೆ ಒಯ್ಯಬಹುದು. ಹೆಚ್ಚು ದರ ವಸೂಲು, ಅರ್ಧ ದಾರಿಯಲ್ಲಿ ಇಳಿಸಿದ್ದು ಇಂಥವಕ್ಕೆ ಗ್ರಾಹಕರ ಆಯೋಗವೂ ಇದೆ, ಎರಡು ವರ್ಷದೊಳಗೆ ಹೋಗಬೇಕು.

ಅಪಾಯ ಕಂಡರೆ ಪುಸ್ತಕಕ್ಕೆ ಕಾಯಬೇಡಿ

ಚಾಲಕ ಮೊಬೈಲ್ ಹಿಡಿದು ಓಡಿಸುವುದು, ಫುಟ್‌ಬೋರ್ಡಿನಲ್ಲಿ ಮಕ್ಕಳು ನೇತಾಡುವುದು ಇವು 14 ದಿನ ಬರೆದಿಡುವ ವಿಷಯಗಳಲ್ಲ. ಆ ಕ್ಷಣಕ್ಕೆ 112, ಆಮೇಲೆ ಸಂಚಾರ ಪೊಲೀಸರಿಗೆ ಲಿಖಿತ ದೂರು. ಫುಟ್‌ಬೋರ್ಡಿನಲ್ಲಿ ಜನರನ್ನು ನಿಲ್ಲಿಸಿಕೊಂಡು ಹೋಗುವುದನ್ನು ಮೋಟಾರು ವಾಹನ ಕಾಯಿದೆಯ 123ನೇ ಕಲಂ ನಿಷೇಧಿಸುತ್ತದೆ. ಮಿತಿ ಮೀರಿ ಹತ್ತಿಸಿಕೊಂಡರೆ 194ಎ ಕಲಂನಡಿ ಹೆಚ್ಚಿನ ಪ್ರತಿ ಪ್ರಯಾಣಿಕನಿಗೆ ₹200 ದಂಡ. ಕರ್ಕಶ ಹಾರ್ನಿಗೆ ಕೇಂದ್ರ ಮೋಟಾರು ವಾಹನ ನಿಯಮ 119 ಅಡ್ಡ ಬರುತ್ತದೆ. ಒಬ್ಬನೇ ಚಾಲಕ ನಸುಕಿನಿಂದ ರಾತ್ರಿಯವರೆಗೆ ಓಡಿಸುತ್ತಿದ್ದರೆ ಕಾರ್ಮಿಕ ಇಲಾಖೆಗೂ ತಿಳಿಸಿ. ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ 1961 ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತಿತ್ತು; 2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯಲ್ಲೂ ದಿನಕ್ಕೆ 8 ಗಂಟೆಯ ಮಿತಿ ಇದೆ. ಚಾಲಕನ ದಣಿವು ಪ್ರಯಾಣಿಕರ ಜೀವದ ಪ್ರಶ್ನೆ, ಅವನ ವಿರುದ್ಧದ ದೂರಾಗಿ ಅದನ್ನು ಬರೆಯಬಾರದು.

ಸರಕಾರಿ ಬಸ್ಸು ಬೇಕೆನ್ನುವವರು

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಈ ಬೇಡಿಕೆ ಕರಾವಳಿಯಲ್ಲಿ ಜೋರಾಗಿದೆ. ಉಚಿತ ಪ್ರಯಾಣ ಸರಕಾರಿ ನಿಗಮಗಳ ಸಾಮಾನ್ಯ ಬಸ್ಸಿನಲ್ಲಿ ಮಾತ್ರ, ಖಾಸಗಿ ಬಸ್ಸಿನ ದಾರಿಯಲ್ಲಿರುವ ಹೆಂಗಸರಿಗೆ ಅದು ಕೈಗೆಟಕುವುದಿಲ್ಲ. ಇಲ್ಲಿ ಎರಡು ಕಡೆ ಕೆಲಸ ಆಗಬೇಕು. ಬಸ್ಸು, ಸಿಬ್ಬಂದಿ ಕೊಡಬೇಕಾದ್ದು ಕೆಎಸ್ಸಾರ್ಟಿಸಿ. ಆದರೆ ಹೊಸ ದಾರಿಗೆ ನಿಗಮವೂ ಪ್ರಾಧಿಕಾರದ ಮುಂದೆ ಪರ್ಮಿಟ್ಟಿಗೆ ಹೋಗಬೇಕಾಗುತ್ತದೆ, ಅಲ್ಲಿ ಖಾಸಗಿ ಮಾಲಕರ ತಕರಾರು ಬರುತ್ತದೆ, ಮುಂದೆ ಬೆಂಗಳೂರಿನ ರಾಜ್ಯ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿಗೂ ಹೋಗಬಹುದು. "ಪ್ರಕರಣ ನ್ಯಾಯಾಲಯದಲ್ಲಿದೆ" ಎಂಬ ಉತ್ತರ ಬಂದರೆ ಪ್ರಕರಣದ ಸಂಖ್ಯೆ ಮತ್ತು ತಡೆಯಾಜ್ಞೆಯ ಪ್ರತಿ ಕೇಳಿ. ಕೆಲವೊಮ್ಮೆ ತಡೆ ಇರುವುದು ಒಂದು ದಾರಿಗೆ, ಉತ್ತರ ಕೊಡುವುದು ಎಲ್ಲ ದಾರಿಗೆ. ನಿಮ್ಮ ಮನೆಮನೆಯ ಲೆಕ್ಕ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ: ಯಾವ ಗಂಟೆಗೆ ಎಷ್ಟು ಜನ ಎಂದು ತೋರಿಸಿದರೆ ಡಿಪೋದವರಿಗೆ ಒಂದು ಶೆಡ್ಯೂಲ್ ಹೊಂದಿಸುವುದು ಸುಲಭ. ಖಾಸಗಿ ಬಸ್ಸು ಬಿಟ್ಟುಬಿಟ್ಟ ರಾತ್ರಿಯ ಟ್ರಿಪ್ಪನ್ನು ಕೇಳಿದರೆ ತಕರಾರಿಗೂ ಆಧಾರ ಕಡಿಮೆ.

ಸಭೆ ಮತ್ತು ಅದರ ನಂತರ

ಪ್ರಾಧಿಕಾರದ ಸಭೆಯ ದಿನಾಂಕವನ್ನು ಆರ್‌ಟಿಒ ಕಚೇರಿಯಲ್ಲಿ ಕೇಳುತ್ತಿರಿ, ಪತ್ರಿಕೆಯಲ್ಲೂ ನೋಡಿ. ಸಭೆಗೆ ಮೂವರು ಹೋದರೆ ಸಾಕು, ಮಾತಾಡುವವರು ಒಬ್ಬರು. ಐದು ನಿಮಿಷಕ್ಕಿಂತ ಹೆಚ್ಚು ಸಿಗುವುದಿಲ್ಲ ಎಂದುಕೊಂಡೇ ತಯಾರಾಗಿ. ಒಂದು ಹಾಳೆಯಲ್ಲಿ ಎಡಕ್ಕೆ ಪರ್ಮಿಟ್ಟಿನ ಸಮಯ, ಬಲಕ್ಕೆ 14 ದಿನದ ಚೌಕಗಳು, ತಪ್ಪಿದ ದಿನಕ್ಕೆ ಕೆಂಪು ಗುರುತು. ಅಧ್ಯಕ್ಷರಿಗೆ ಒಂದು, ಕಾರ್ಯದರ್ಶಿಗೆ ಒಂದು, ಮಾಲಕರಿಗೂ ಒಂದು ಪ್ರತಿ ಕೊಡಿ. ಬಸ್ಸುಗಳ ನಡುವಿನ ಟೈಮಿಂಗ್ ಜಗಳಕ್ಕೆ ಮಾತು ಜಾರಿದರೆ ಪಕ್ಷ ವಹಿಸಬೇಡಿ, ನಿಮ್ಮ ಟ್ರಿಪ್ಪಿಗೇ ಮರಳಿ ಬನ್ನಿ.

ಟ್ರಿಪ್ ಆರಂಭಿಸುತ್ತೇವೆ ಎಂಬ ಮಾತು ಬಾಯಲ್ಲಿ ಬಂದರೆ ನಡವಳಿಯಲ್ಲಿ ದಾಖಲಿಸಲು ವಿನಂತಿಸಿ, ಎರಡು ವಾರ ಬಿಟ್ಟು ಆ ನಡವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆದುಕೊಳ್ಳಿ. 86ನೇ ಕಲಂನಲ್ಲಿ ಅಮಾನತಿನ ಬದಲು ಹಣ ಕಟ್ಟಿಸಿಕೊಂಡು ಬಿಡುವುದಕ್ಕೂ ಅವಕಾಶ ಇದೆ. ಹಾಗಾದರೆ ದಂಡ ಕಟ್ಟಿದ್ದಕ್ಕೆ ಟ್ರಿಪ್ ಬಿಡಲು ಅನುಮತಿ ಸಿಕ್ಕಿತೆಂದು ಅರ್ಥವಲ್ಲ, ಎರಡನೆಯ ದೂರಿನಲ್ಲಿ ಮೊದಲ ದಂಡದ ಆದೇಶವನ್ನು ಲಗತ್ತಿಸಿ.

ಬಸ್ಸು ಮರಳಿ ಬಂದರೆ ಮೊದಲ ಎರಡು ವಾರ ದಿನಾ, ಆಮೇಲೆ ತಿಂಗಳಿಗೊಂದು ವಾರ ಬರೆಯಿರಿ. ಊರಿನವರೂ ಆ ಬಸ್ಸಿಗೇ ಹತ್ತಬೇಕು, ಎರಡು ತಿಂಗಳು ಖಾಲಿ ಓಡಿದರೆ ಮಾಲಕರ ವಾದಕ್ಕೆ ನಾವೇ ಸಾಕ್ಷಿ ಒದಗಿಸಿದಂತೆ. ಪರ್ಮಿಟ್ ಮುಗಿಯುವ ದಿನಾಂಕವನ್ನು ಪುಸ್ತಕದ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ 15 ದಿನ ಮೊದಲು ಮಾಲಕರು ಹಾಕಬೇಕು. ಅದಕ್ಕೂ ಒಂದು ತಿಂಗಳು ಮೊದಲೇ ನಿಮ್ಮ ಪುಸ್ತಕದ ಜೆರಾಕ್ಸ್ ಕಾರ್ಯದರ್ಶಿಯ ಕಡತದಲ್ಲಿ ಸೇರಿರಬೇಕು.